ಏಪ್ರಿಲ್ ಹಿಮ: ಹಿಂದಿನ ರಾತ್ರಿಯ ಲೆಕ್ಕ

ಈಚೆಗೆ ಅಮೆರಿಕ ಮತ್ತು ಕೆನಡಾದಲ್ಲಿ ನೆಲೆಸಿರುವ ಓದುಗರಿಂದ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಕೇಳಿವೆ: ಚಳಿಗಾಲ ಮುಗಿಯುತ್ತ ಬಂದಾಗ ಪರ್ವತಗಳಲ್ಲಿ ಸ್ನೋಮೊಬೈಲ್ (ಮುಂದೆ ಸ್ಕೀ, ಹಿಂದೆ ತಿರುಗುವ ರಬ್ಬರ್ ಪಟ್ಟಿ ಇರುವ, ಹಿಮದ ಮೇಲೆ ಓಡುವ ಮೋಟಾರು ಗಾಡಿ) ಓಡಿಸುವುದು ಎಷ್ಟು ಸರಿ, ಆ ಹೊತ್ತಿನ ಹಿಮವನ್ನು ನಂಬುವುದು ಹೇಗೆ? ಅವುಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದು ಪದದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಕಾಶದಿಂದ ಹಿಮ ಬೀಳುವುದಕ್ಕೂ ಬೆಟ್ಟದ ಮೇಲೆ ಕೂತಿದ್ದ ಹಿಮ ಕಿತ್ತುಕೊಂಡು ಜಾರುವುದಕ್ಕೂ ನಮ್ಮ ಪತ್ರಿಕೆಗಳು ‘ಹಿಮಪಾತ’ ಎಂದೇ ಬರೆಯುವುದುಂಟು. ಇಲ್ಲಿ ಗೊಂದಲವಾಗಬಾರದೆಂದು ಎರಡನೆಯದನ್ನು ಹಿಮಕುಸಿತ ಎಂದು ಕರೆಯುತ್ತೇನೆ.

ಪ್ರಶ್ನೆ: ನಾನು ಶಿವಮೊಗ್ಗದವನು, ಎಂಟು ವರ್ಷಗಳಿಂದ ಸಿಯಾಟಲ್ ಸಮೀಪದಲ್ಲಿದ್ದೇನೆ. ಗೆಳೆಯರೊಂದಿಗೆ ಏಪ್ರಿಲ್ ಮೂರನೆಯ ವಾರ ಕ್ಯಾಸ್ಕೇಡ್ ಪರ್ವತಗಳಿಗೆ ಸ್ನೋಮೊಬೈಲ್ ಒಯ್ಯುವ ಯೋಚನೆಯಿದೆ. ಹವಾಮಾನ ಮುನ್ಸೂಚನೆಯಲ್ಲಿ ಹಗಲು 9 ಡಿಗ್ರಿ, ರಾತ್ರಿ 1 ಡಿಗ್ರಿ ಸೆಲ್ಸಿಯಸ್ ಎಂದಿದೆ. ರಾತ್ರಿ ಶೂನ್ಯಕ್ಕಿಂತ ಕೆಳಗೆ ಇಳಿಯದಿದ್ದರೆ ಹಿಮ ಹೆಪ್ಪುಗಟ್ಟುವುದಿಲ್ಲ ಎಂದು ಒಬ್ಬರು ಹೇಳುತ್ತಾರೆ, ಗಟ್ಟಿಯಾಗುತ್ತದೆ ಎಂದು ಇನ್ನೊಬ್ಬರು ವಾದಿಸುತ್ತಾರೆ. ಹೋಗಬಹುದೇ?

ಉತ್ತರ: ನೀವು ಎರಡು ಅಂಕಿಗಳನ್ನು ಬರೆದಿದ್ದೀರಿ, ಮೋಡದ ಮಾತನ್ನೇ ಎತ್ತಿಲ್ಲ. ಊರಿನಲ್ಲಿ ಮಾಗಿಯ ಬೆಳಗನ್ನು ನೆನಪಿಸಿಕೊಳ್ಳಿ. ರಾತ್ರಿಯಿಡೀ ನಕ್ಷತ್ರ ಕಂಡಿದ್ದರೆ ಹುಲ್ಲಿನ ಮೇಲೆ ಇಬ್ಬನಿ ದಟ್ಟವಾಗಿ ಕೂತಿರುತ್ತದೆ, ಮೋಡ ಕವಿದಿದ್ದರೆ ಹುಲ್ಲು ಬಹುಮಟ್ಟಿಗೆ ಒಣಗಿಯೇ ಇರುತ್ತದೆ. ತೆರೆದ ಆಕಾಶಕ್ಕೆ ಶಾಖವನ್ನು ಬಿಟ್ಟುಕೊಟ್ಟ ಹುಲ್ಲು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುವುದೇ ಇದಕ್ಕೆ ಕಾರಣ. ಹಿಮದ ಮೇಲ್ಮೈಯೂ ಇದೇ ರೀತಿ ನಡೆದುಕೊಳ್ಳುತ್ತದೆ. ಆಕಾಶ ತಿಳಿಯಾಗಿ, ಗಾಳಿ ಒಣಗಿದ್ದರೆ, ನಿಮ್ಮ ತಾಪಮಾಪಕ 1 ಅಥವಾ 2 ಡಿಗ್ರಿ ತೋರಿಸುತ್ತಿರುವಾಗಲೂ ಹಿಮದ ಮೇಲ್ಮೈ ಶೂನ್ಯಕ್ಕಿಂತ ಕೆಳಗಿಳಿದು ಹೆಪ್ಪುಗಟ್ಟಿರುತ್ತದೆ. ಮೋಡ ಕವಿದ ರಾತ್ರಿಯಲ್ಲಿ ಅದೇ ಶಾಖ ಮೋಡದಿಂದ ಹಿಂದಿರುಗಿ ಬರುವುದರಿಂದ ಗಾಳಿ ಶೂನ್ಯಕ್ಕೆ ಇಳಿದರೂ ಹಿಮದ ಮೇಲೆ ಹಾಲಿನ ಕೆನೆಯಷ್ಟು ಪದರ ಕಟ್ಟುವುದೂ ಕಷ್ಟ. ಆದ್ದರಿಂದ ನಿಮ್ಮ ಗೆಳೆಯರಿಬ್ಬರೂ ಬೇರೆ ಬೇರೆ ರಾತ್ರಿಗಳ ಬಗ್ಗೆ ಸರಿಯಾಗಿಯೇ ಹೇಳುತ್ತಿದ್ದಾರೆ.

ಒಂದೇ ರಾತ್ರಿಯ ತಂಪು ಏಕೆ ಸಾಲದು ಎಂಬುದಕ್ಕೂ ಲೆಕ್ಕವಿದೆ. ಒಂದು ಕಿಲೋ ಮಂಜುಗಡ್ಡೆಯನ್ನು ಕರಗಿಸಲು ಸುಮಾರು 334 ಕಿಲೋಜೂಲ್ ಶಾಖ ಬೇಕು. ಅಷ್ಟು ಶಾಖದಲ್ಲಿ ಒಂದು ಕಿಲೋ ತಣ್ಣೀರನ್ನು ಶೂನ್ಯದಿಂದ 80 ಡಿಗ್ರಿಯವರೆಗೆ, ಎಂದರೆ ಮೈಗೆ ಹೊಯ್ದುಕೊಳ್ಳಲಾಗದಷ್ಟು ಬಿಸಿಯವರೆಗೆ, ಕಾಯಿಸಬಹುದು. ಹಗಲು ಕರಗಿದ ನೀರು ರಾತ್ರಿ ಮತ್ತೆ ಹೆಪ್ಪುಗಟ್ಟಬೇಕಾದರೆ ಈ ಶಾಖವನ್ನೆಲ್ಲ ಆಕಾಶಕ್ಕೆ ಕೊಟ್ಟು ತೀರಿಸಬೇಕು. ಆದ್ದರಿಂದ ಒಂದು ರಾತ್ರಿಯಲ್ಲಿ ಗಟ್ಟಿಯಾಗುವುದು ಮೇಲಿನ ಕೆಲವು ಇಂಚುಗಳು ಮಾತ್ರ. ತಿಳಿಯಾದ ರಾತ್ರಿಗಳು ಸಾಲಾಗಿ ಬಂದರೆ ಆ ಪದರ ದಪ್ಪವಾಗುತ್ತ ಹೋಗುತ್ತದೆ. ಎರಡು ಮೂರು ರಾತ್ರಿ ಸತತವಾಗಿ ಹೆಪ್ಪುಗಟ್ಟದೇ ಹೋದರೆ ಒಳಗಿನ ಕಟ್ಟೇ ಸಡಿಲವಾಗುತ್ತದೆ. ನಾನು ಹೋಗುವ ದಿನದ ಮುನ್ಸೂಚನೆಗಿಂತ ಹಿಂದಿನ ಮೂರು ರಾತ್ರಿಗಳ ದಾಖಲೆಯನ್ನು ಹೆಚ್ಚು ಗಮನವಿಟ್ಟು ಓದುವುದು ಇದಕ್ಕಾಗಿಯೇ. ಅಮೆರಿಕದ ಪಶ್ಚಿಮ ರಾಜ್ಯಗಳ ಬೆಟ್ಟಗಳಲ್ಲಿ ‘ಸ್ನೋಟೆಲ್’ ಎಂಬ ಸರ್ಕಾರಿ ಸ್ವಯಂಚಾಲಿತ ಮಾಪನ ಕೇಂದ್ರಗಳು 900ಕ್ಕೂ ಹೆಚ್ಚಿವೆ. ತಾಪಮಾನ, ಹಿಮದ ಆಳ, ಆ ಹಿಮದಲ್ಲಿ ಎಷ್ಟು ನೀರಿದೆ ಎಂಬ ವಿವರಗಳನ್ನು ಅವು ಗಂಟೆಗಂಟೆಗೂ ಕಳುಹಿಸುತ್ತವೆ. ನೀವು ನೋಡಿದ 1 ಡಿಗ್ರಿ ಕಣಿವೆಯ ಪಟ್ಟಣದ್ದೋ ಬೆಟ್ಟದ ಮೇಲಿನದೋ ಎಂಬುದನ್ನು ಅಲ್ಲಿ ಸರಿನೋಡಿಕೊಳ್ಳಿ.

ದಾಖಲೆ ಏನೇ ಹೇಳಲಿ, ಕೊನೆಯ ತೀರ್ಮಾನ ಬೂಟಿನ ಹಿಮ್ಮಡಿಯದು. ಕೆಲವು ವರ್ಷಗಳ ಹಿಂದೆ ಕ್ಯಾಸ್ಕೇಡ್‌ನ ಪೂರ್ವದ ಕಡೆ, ಏಪ್ರಿಲ್‌ನ ಒಂದು ಬೆಳಗ್ಗೆ ಆರೂವರೆಗೆ, ಟ್ರೇಲರ್‌ನಿಂದ ಗಾಡಿ ಇಳಿಸುವ ಮೊದಲು ರಸ್ತೆಯ ಪಕ್ಕದ ಹಿಮವನ್ನು ಒದ್ದು ನೋಡಿದೆ. ಮೇಲೆ ಹಪ್ಪಳದ ಹಾಗೆ ಗರಿಗರಿಯಾದ ಪದರವಿತ್ತು. ಇನ್ನೊಮ್ಮೆ ಒದ್ದಾಗ ಅದು ಮುರಿದು ಕಾಲು ಮೊಣಕಾಲಿನವರೆಗೆ ಇಳಿಯಿತು. ಒಳಗಿದ್ದುದು ನೆನೆದ ಅವಲಕ್ಕಿಯಂಥ ಮುದ್ದೆ, ಕೈಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕುತ್ತಿತ್ತು. ರಾತ್ರಿ ಎರಡು ಗಂಟೆಯ ಮೇಲೆ ಮೋಡ ಬಂದಿತ್ತೆಂದು ಆಮೇಲೆ ತಿಳಿಯಿತು. ನಾವು ನಾಲ್ವರೂ ಆ ದಿನ ಕಾಡಿನೊಳಗಿನ ಸಮತಟ್ಟಾದ ರಸ್ತೆಯಲ್ಲೇ ಸುತ್ತಾಡಿ, ತಂದಿದ್ದ ಚಿತ್ರಾನ್ನವನ್ನು ಹತ್ತು ಗಂಟೆಗೇ ತಿಂದು ಹಿಂದಿರುಗಿದೆವು. ಒಳ್ಳೆಯ ರಾತ್ರಿಯ ನಂತರದ ಹಿಮ ಹೀಗಿರುವುದಿಲ್ಲ. ಬೆಳಗ್ಗೆ ಅದು ಕಾಂಕ್ರೀಟಿನಂತೆ ಬೂಟನ್ನು ಹಿಂದಕ್ಕೆ ತಳ್ಳುತ್ತದೆ. ಬಿಸಿಲೇರಿದಂತೆ ಮೇಲಿನ ಎರಡು ಇಂಚು ಕಲ್ಲುಪ್ಪಿನ ಹರಳುಗಳ ಹಾಗೆ ಬಿಡಿಬಿಡಿಯಾಗುತ್ತದೆ, ಕೆಳಗಿನ ತಳ ಗಟ್ಟಿಯಾಗಿಯೇ ಉಳಿಯುತ್ತದೆ. ಅಲ್ಲಿನವರು ‘ಕಾರ್ನ್’ ಎಂದು ಹೊಗಳುವ ಹಿಮ ಇದೇ. ನಮ್ಮವರು ಮುಸುಕಿನ ಜೋಳವನ್ನು ನೆನೆಯಬೇಕಾಗಿಲ್ಲ, ಕಾಳು ಎಂದುಕೊಂಡರೆ ಸಾಕು.

ಆ ಸೊಗಸು ಒಂದು ಇಳಿಜಾರಿನಲ್ಲಿ ಎರಡು ಮೂರು ಗಂಟೆಗಿಂತ ಹೆಚ್ಚು ನಿಲ್ಲುವುದು ಅಪರೂಪ. ಏಪ್ರಿಲ್ ನಡುವಿನ ಸೂರ್ಯ ಆಗಸ್ಟ್ ಕೊನೆಯ ಸೂರ್ಯನಷ್ಟೇ ಎತ್ತರಕ್ಕೆ ಏರುತ್ತಾನೆ ಎಂಬುದನ್ನು ಚಳಿಯ ಜಾಕೆಟ್ ತೊಟ್ಟವರು ಮರೆತುಬಿಡುತ್ತಾರೆ. ಮೊದಲು ಪೂರ್ವದ ಇಳಿಜಾರು ಮೆತ್ತಗಾಗುತ್ತದೆ, ನಂತರ ದಕ್ಷಿಣದ್ದು, ಮಧ್ಯಾಹ್ನದ ಮೇಲೆ ಪಶ್ಚಿಮದ್ದು. ಹಿಮ ಕೆಡುವುದೂ ಇದೇ ಸರದಿಯಲ್ಲಿ. ಬಂಡೆಯ ಬುಡದಿಂದ ಸಣ್ಣ ಹಿಮದುಂಡೆಗಳು ತಾವಾಗಿಯೇ ಉರುಳಿ, ಸುರುಳಿ ಸುತ್ತಿಕೊಳ್ಳುತ್ತ ಚಕ್ರಗಳಾಗಿ ಕೆಳಗೆ ಬರತೊಡಗಿದರೆ, ಗಾಡಿಯಿಂದಿಳಿದಾಗ ಕಾಲು ಹರಡಿನ ಮೇಲಕ್ಕೆ ಹೂತರೆ, ಆ ಇಳಿಜಾರಿನಲ್ಲಿ ನಿಮ್ಮ ಕೆಲಸ ಮುಗಿಯಿತೆಂದು ತಿಳಿಯಿರಿ. ಹಿಮಕುಸಿತಗಳು ಹೆಚ್ಚಾಗಿ ನಡೆಯುವುದು 30ರಿಂದ 45 ಡಿಗ್ರಿ ಓರೆಯ ಇಳಿಜಾರುಗಳಲ್ಲಿ. ಆದರೆ ಅವುಗಳ ಬುಡದಲ್ಲಿರುವ ಸಮತಟ್ಟಾದ ಬಯಲಿಗೂ ಹಿಮ ಬಂದು ಬೀಳುತ್ತದೆ ಎಂಬುದನ್ನು ಲೆಕ್ಕದಲ್ಲಿಡಬೇಕು.

ಸ್ಕೀ ಮಾಡುವವರಿಗಿಂತ ನಮ್ಮಂಥ ಸ್ನೋಮೊಬೈಲ್ ಸವಾರರಿಗೆ ಇದು ಕಷ್ಟ. ಸ್ಕೀಯವನಿಗೆ ಹೆಜ್ಜೆಹೆಜ್ಜೆಗೂ ಹಿಮ ಅಂಗಾಲಿಗೆ ಸುದ್ದಿ ಹೇಳುತ್ತಿರುತ್ತದೆ. ನಾವಾದರೋ 165 ಇಂಚು ಉದ್ದದ, ಮೂರು ಇಂಚು ಹಲ್ಲುಗಳಿರುವ ಪಟ್ಟಿಯ ಮೇಲೆ ತೇಲುತ್ತಿರುತ್ತೇವೆ. ಕಣಿವೆಯ ನೆರಳಿನಿಂದ ಬಿಸಿಲಿನ ಬೋಳುಗುಡ್ಡಕ್ಕೆ ಹತ್ತು ನಿಮಿಷದಲ್ಲಿ ಏರಿ, ಬೆಳಗ್ಗೆ ಕಂಡ ಹಿಮವೇ ಇಲ್ಲಿಯೂ ಇದೆ ಎಂದು ನಂಬಿಬಿಡುತ್ತೇವೆ. ಪ್ರತಿ ಹೊಸ ಇಳಿಜಾರಿಗೂ ಮೊದಲು ಇಂಜಿನ್ ನಿಲ್ಲಿಸಿ, ಇಳಿದು, ಒದ್ದು ನೋಡಿ. ಹಿಂದಿನ ರಾತ್ರಿ ತಿಳಿಯಾಗಿದ್ದರೆ ಧಾರಾಳವಾಗಿ ಹೋಗಿ, ಬೇಗ ಹೊರಡಿ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಕಡಿದಾದ ಜಾಗಗಳಿಂದ ಹೊರಗಿರಿ. ಮೋಡವಿದ್ದರೆ ಸಮತಟ್ಟಾದ ದಾರಿಯೇ ಸಾಕು.

ಪ್ರಶ್ನೆ: ಕೆನಡಾದ ಕ್ಯಾಲ್ಗರಿಯಿಂದ ಬರೆಯುತ್ತಿದ್ದೇನೆ. ಕಳೆದ ಏಪ್ರಿಲ್‌ನಲ್ಲಿ ರೆವೆಲ್‌ಸ್ಟೋಕ್ ಬಳಿ ಬೆಳಗ್ಗೆ ಏಳಕ್ಕೆ, ಕೈ ಮರಗಟ್ಟುವ ಚಳಿಯಲ್ಲಿ, ನನ್ನ ಗಾಡಿ ವಿಪರೀತ ಬಿಸಿಯಾಗಿ ಎಚ್ಚರಿಕೆಯ ದೀಪ ಹತ್ತಿತು. ಮಧ್ಯಾಹ್ನದ ಸೆಕೆಯಲ್ಲಿ ಏನೂ ಆಗಲಿಲ್ಲ. ಇದೆಂಥ ವಿಚಿತ್ರ?

ಉತ್ತರ: ನಿಮ್ಮ ಗಾಡಿ ಸರಿಯಾಗಿಯೇ ಇದೆ. ಪರ್ವತದ ಸವಾರಿಗೆಂದು ಮಾಡಿದ ಗಾಡಿಗಳಲ್ಲಿ ಬಹುಪಾಲಿಗೆ ಕಾರಿನಲ್ಲಿರುವಂತೆ ಫ್ಯಾನಿನ ರೇಡಿಯೇಟರ್ ಇರುವುದಿಲ್ಲ. ಇಂಜಿನ್‌ನ ಬಿಸಿ ದ್ರವ, ಪಟ್ಟಿಯ ಮೇಲ್ಗಡೆಯ ಅಲ್ಯೂಮಿನಿಯಂ ಚಾವಣಿಯ ಒಳಮೈಯಲ್ಲಿ ಹಾಯುತ್ತದೆ. ತಿರುಗುವ ಪಟ್ಟಿ ಎರಚುವ ಹಿಮ ಅಲ್ಲಿಗೆ ಬಡಿದು ಕರಗುವಾಗ ಆ ಬಿಸಿಯನ್ನು ಹೀರಿಕೊಳ್ಳುತ್ತದೆ. ಬೆಳಗಿನ ಹಿಮ ಕಲ್ಲಿನಂತಿದ್ದರೆ ಎರಚಲು ಏನೂ ಸಿಗುವುದಿಲ್ಲ. ಪಟ್ಟಿ ಜಾರುವ ಪ್ಲಾಸ್ಟಿಕ್ ಹಳಿಗಳಿಗೂ ಹಿಮವೇ ಎಣ್ಣೆ. ಅದಿಲ್ಲದೆ ಅವು ಕಾಯುತ್ತವೆ, ಕರಗುತ್ತವೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದಿದ್ದರೆ ಅದೇ ಕಾರಣ.

ಇದಕ್ಕೆ ಪರಿಹಾರ ‘ಸ್ಕ್ರ್ಯಾಚರ್’ ಎಂಬ ಸ್ಪ್ರಿಂಗಿನ ಕಡ್ಡಿಗಳು. ನೆಲಕ್ಕೆ ಇಳಿಬಿಟ್ಟರೆ ಅವು ಗಟ್ಟಿ ಪದರವನ್ನು ಗೀರಿ ಹಿಮದ ಪುಡಿಯನ್ನು ಒಳಕ್ಕೆ ಚಿಮ್ಮಿಸುತ್ತವೆ. ಗಾಡಿಯನ್ನು ಹಿಂದಕ್ಕೆ ತೆಗೆಯುವ ಮೊದಲು ಅವನ್ನು ಮೇಲೆತ್ತಿ ಸಿಕ್ಕಿಸಬೇಕು, ಇಲ್ಲದಿದ್ದರೆ ಅನೇಕ ಮಾದರಿಗಳು ಬಾಗುತ್ತವೆ ಅಥವಾ ಮುರಿಯುತ್ತವೆ. ನಾನು ಎರಡು ಜೊತೆ ಹಾಳುಮಾಡಿಕೊಂಡ ಮೇಲೆ ಕಲಿತ ಪಾಠವಿದು. ಸ್ಕ್ರ್ಯಾಚರ್ ಇಲ್ಲದಿದ್ದರೆ ರಸ್ತೆಯ ಅಂಚಿನಲ್ಲಿ ಎಲ್ಲಿ ಸಡಿಲ ಹಿಮವಿದೆಯೋ ಅಲ್ಲಿ ಪಟ್ಟಿಯನ್ನು ಆಗಾಗ ಹಾಯಿಸಿ. ದೀಪ ಹತ್ತಿದರೆ ನಿಲ್ಲಿಸಿ, ಸಲಿಕೆಯಿಂದ ಹಿಮ ತೋಡಿ ಪಟ್ಟಿಯ ಗೂಡಿನೊಳಗೆ ತುಂಬಿ. ಮಧ್ಯಾಹ್ನದ ಒದ್ದೆ ಹಿಮ ಇಂಜಿನ್ನನ್ನು ಚೆನ್ನಾಗಿ ತಂಪಾಗಿಡುತ್ತದೆ, ಆದರೆ ಗಾಡಿಯನ್ನು ಹಿಡಿದೆಳೆಯುತ್ತದೆ. ಪೆಟ್ರೋಲ್ ಹೆಚ್ಚು ಸುಡುತ್ತದೆ, ಇಂಜಿನ್‌ನ ಶಕ್ತಿಯನ್ನು ಪಟ್ಟಿಯ ಕಡೆಗೆ ಸಾಗಿಸುವ ಬೆಲ್ಟ್ ಕಾಯುತ್ತದೆ.

ನಿಮ್ಮ ಪತ್ರಕ್ಕೆ ಇಷ್ಟು ಜಾಗ ಕೊಡಲು ಬೇರೆಯೇ ಕಾರಣವಿದೆ. ಬೆಳಗ್ಗೆ ಬೆಟ್ಟ ಗಟ್ಟಿಯಾಗಿ ನಂಬಿಕೆಗೆ ಅರ್ಹವಾಗಿರುವಾಗ ಗಾಡಿ ಒದ್ದಾಡುತ್ತದೆ: ಇಂಜಿನ್ ಕಾಯುತ್ತದೆ, ಇಳಿಜಾರಿಗೆ ಅಡ್ಡಲಾಗಿ ಹೋಗುವಾಗ ಪಟ್ಟಿಯ ಅಂಚು ಕಚ್ಚದೆ ಕೆಳಕ್ಕೆ ಜಾರುತ್ತದೆ. ಮಧ್ಯಾಹ್ನ ಗಾಡಿ ಹಿಗ್ಗಿ ಓಡುವ ಹೊತ್ತಿಗೆ ಬೆಟ್ಟ ಸಡಿಲವಾಗುತ್ತಿರುತ್ತದೆ. ‘ಈಗ ತಾನೇ ಚೆನ್ನಾಗಿ ಓಡುತ್ತಿದೆ, ಇನ್ನೊಂದು ಗಂಟೆ ಇರೋಣ’ ಎಂಬ ಮಾತು ಪ್ರತಿ ಗುಂಪಿನಲ್ಲೂ ಬರುತ್ತದೆ, ಮತ್ತು ಅದು ಬರುವುದು ಹೊರಡಬೇಕಾದ ಗಳಿಗೆಯಲ್ಲೇ. ಎಷ್ಟು ಹೊತ್ತಿಗೆ ಹಿಂದಿರುಗಬೇಕೆಂದು ಬೆಳಗ್ಗೆ, ಇಂಜಿನ್ ಶುರುಮಾಡುವ ಮೊದಲೇ, ಎಲ್ಲರೂ ಒಪ್ಪಿಕೊಂಡುಬಿಡಿ.

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕಿ. ನನ್ನ ಮಗ ಕೊಲರಾಡೋದ ಡೆನ್ವರ್‌ನಲ್ಲಿದ್ದಾನೆ, ಸ್ನೋಮೊಬೈಲ್ ಕೊಂಡಿದ್ದಾನೆ. ಹಿಮದಡಿ ಸಿಕ್ಕಿಕೊಂಡರೆ ಹದಿನೈದು ನಿಮಿಷದೊಳಗೆ ತೆಗೆಯಬೇಕು, ಅದಕ್ಕೆ ಸಲಕರಣೆ ಇದೆ ಎಂದು ಅವನು ಸಮಾಧಾನ ಹೇಳುತ್ತಾನೆ. ಆದರೆ ಸಿಯಾಚಿನ್‌ನಲ್ಲಿ ನಮ್ಮ ಧಾರವಾಡ ಜಿಲ್ಲೆಯ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನ ಬದುಕಿದ್ದರಲ್ಲವೇ? ಯಾವುದನ್ನು ನಂಬಲಿ?

ಉತ್ತರ: ಅಮ್ಮ, ಎರಡೂ ನಿಜ. 2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದಾಗ ಹತ್ತು ಯೋಧರು ಅದರಡಿ ಸಿಲುಕಿದರು. ಆರು ದಿನಗಳ ನಂತರ ಹನುಮಂತಪ್ಪನವರು ಮಾತ್ರ ಜೀವಂತವಾಗಿ ಸಿಕ್ಕಿದರು, ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ಡೇರೆಯೊಳಗಿದ್ದುದರಿಂದ ಉಸಿರಾಡಲು ಒಂದಿಷ್ಟು ಗಾಳಿಯ ಜಾಗ ಉಳಿದಿತ್ತೆಂದು ಆಗ ವರದಿಯಾಗಿತ್ತು. ಬಯಲಿನಲ್ಲಿ ಗಾಡಿ ಓಡಿಸುವವರಿಗೆ ಅಂಥ ಜಾಗ ಇರುವುದಿಲ್ಲ. ಅದರಲ್ಲೂ ವಸಂತದ ಒದ್ದೆ ಹಿಮ ಹಗುರವಾದ ಪುಡಿಯಲ್ಲ. ಒಂದು ಘನ ಮೀಟರಿಗೆ 400 ಕಿಲೋಗಿಂತ ಹೆಚ್ಚು ತೂಗಬಲ್ಲದು. ಕುಸಿದು ನಿಂತ ಕ್ಷಣದಲ್ಲಿ ಅದು ಹಸಿ ಗಾರೆ ಬಿಗಿದಂತೆ ಬಿಗಿದುಕೊಳ್ಳುತ್ತದೆ, ಒಳಗಿದ್ದವರಿಗೆ ಬೆರಳು ಅಲ್ಲಾಡಿಸಲೂ ಆಗುವುದಿಲ್ಲ. ಆದ್ದರಿಂದ ನಿಮ್ಮ ಮಗ ಹೇಳುವ ಲೆಕ್ಕವೇ ಅವನ ಪರಿಸ್ಥಿತಿಗೆ ಹೊಂದುತ್ತದೆ. ನಾನಾದರೆ ಹತ್ತು ನಿಮಿಷ ಎಂದೇ ಹಿಡಿಯುತ್ತೇನೆ. ಅಷ್ಟರಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ. ತೆಗೆಯುವವರು ಜೊತೆಯಲ್ಲಿ ಹೋದವರೇ.

ಅವನಲ್ಲಿರುವುದು 457 ಕಿಲೋಹರ್ಟ್ಸ್ ಕಂಪನಾಂಕದಲ್ಲಿ ಸಂಕೇತ ಕಳುಹಿಸುವ ಚಿಕ್ಕ ಉಪಕರಣ. ಒಬ್ಬರದು ಹಿಮದಡಿಯಿಂದ ಸಂಕೇತ ಕಳುಹಿಸಿದರೆ ಮೇಲಿರುವವರದು ಅದನ್ನು ಹುಡುಕುತ್ತದೆ. ನಂತರ ಉದ್ದನೆಯ ಕಡ್ಡಿಯಿಂದ ಚುಚ್ಚಿ ನೋಡಿ, ಸಲಿಕೆಯಿಂದ ತೋಡಬೇಕು. ಈ ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡರಿಂದ ಪ್ರಯೋಜನ ಕಡಿಮೆ. ಮುಂದಿನ ಸಲ ಫೋನಿನಲ್ಲಿ ಊಟ ಆಯಿತೇ ಎಂದು ಕೇಳಿದ ಮೇಲೆ ಇನ್ನೂ ಕೆಲವು ಮಾತು ಕೇಳಿ. ಸಲಿಕೆ ಮತ್ತು ಕಡ್ಡಿ ಬೆನ್ನಿನ ಚೀಲದಲ್ಲಿದೆಯೇ, ಗಾಡಿಗೆ ಕಟ್ಟಿದೆಯೇ? ಗಾಡಿಗೆ ಕಟ್ಟಿದ್ದು ಗಾಡಿಯೊಂದಿಗೇ ಹೂತುಹೋಗುತ್ತದೆ. ಮೊಬೈಲ್ ಫೋನನ್ನು ಆ ಉಪಕರಣದಿಂದ ದೂರದ ಜೇಬಿನಲ್ಲಿ ಇಡುತ್ತಾನೆಯೇ? ಹುಡುಕುವಾಗ ಕನಿಷ್ಠ ಅರ್ಧ ಮೀಟರ್ ಅಂತರವಿರಬೇಕು. ಈ ವರ್ಷ ಗೆಳೆಯರೊಂದಿಗೆ ಎಷ್ಟು ಸಲ ಹುಡುಕುವ ಅಭ್ಯಾಸ ಮಾಡಿದ್ದಾನೆ? ಒಬ್ಬ ಇಳಿಜಾರು ಏರುವಾಗ ಉಳಿದವರು ಎಲ್ಲಿ ನಿಲ್ಲುತ್ತಾರೆ?

ಕೊನೆಯ ಪ್ರಶ್ನೆಯನ್ನು ಒತ್ತಿ ಕೇಳಿ. 2010ರ ಮಾರ್ಚ್ 13ರಂದು ರೆವೆಲ್‌ಸ್ಟೋಕ್ ಬಳಿಯ ಬೌಲ್ಡರ್ ಬೆಟ್ಟದಲ್ಲಿ, ಗಾಡಿಗಳು ಏರುವುದನ್ನು ನೋಡಲು ಜನರು ಇಳಿಜಾರಿನ ಬುಡದಲ್ಲೇ ಸೇರಿದ್ದಾಗ ಹಿಮ ಕುಸಿಯಿತು. ಇಬ್ಬರು ಸತ್ತರು, ಸುಮಾರು ಮೂವತ್ತು ಮಂದಿಗೆ ಗಾಯವಾಯಿತು. ಒಬ್ಬರು ಏರುವಾಗ ಉಳಿದವರು ಹಿಮ ಬರುವ ದಾರಿಯಿಂದ ಪಕ್ಕಕ್ಕೆ, ಗಾಡಿಯ ಮೂತಿಯನ್ನು ಹೊರಡುವ ದಿಕ್ಕಿಗೆ ತಿರುಗಿಸಿಕೊಂಡು ನಿಲ್ಲಬೇಕು. ಸಿಕ್ಕಿಬಿದ್ದ ಗೆಳೆಯನಿಗೆ ನೆರವಾಗಲೆಂದು ಇನ್ನೊಬ್ಬ ಅದೇ ಇಳಿಜಾರಿಗೆ ಏರುವುದೇ ಅತಿ ಸಾಮಾನ್ಯವಾದ ತಪ್ಪು. ನಿಮ್ಮ ಮಗ ಇವಕ್ಕೆಲ್ಲ ತಡವರಿಸದೆ ಉತ್ತರಿಸಿದರೆ ನೀವು ಅರ್ಧ ನೆಮ್ಮದಿಯಿಂದಿರಬಹುದು. ಪೂರ್ತಿ ನೆಮ್ಮದಿ ಕೊಡುತ್ತೇನೆಂದು ನಾನು ಹೇಳಲಾರೆ.

ಪ್ರಶ್ನೆ: ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿದ್ದೇನೆ. ಏಪ್ರಿಲ್ ಕಳೆಯುತ್ತಿದ್ದಂತೆ ಹಲವು ಕಡೆ ಹಿಮಕುಸಿತದ ದೈನಂದಿನ ಮುನ್ನೆಚ್ಚರಿಕೆಗಳು ನಿಂತುಹೋಗುತ್ತವೆ. ಹಾಗಾದರೆ ಅಪಾಯ ಮುಗಿಯಿತೆಂದೇ?

ಉತ್ತರ: ಅಲ್ಲ. ನಿಲ್ಲುವುದು ಮುನ್ನೆಚ್ಚರಿಕೆ ಬರೆಯುವವರ ಕೆಲಸದ ಅವಧಿ. ಆಮೇಲೂ ಬೆಟ್ಟ ಮೂರು ಬಗೆಯಲ್ಲಿ ಕೈಕೊಡಬಲ್ಲದು. ಉತ್ತರದ ನೆರಳಿನ ಇಳಿಜಾರುಗಳಲ್ಲಿ ಚಳಿಗಾಲದ ಒಣ ಹಿಮ ಮೇ ತಿಂಗಳವರೆಗೂ ಉಳಿದಿರಬಹುದು. ಕರಗಿದ ನೀರು ಮೊತ್ತಮೊದಲ ಬಾರಿಗೆ ಅದರೊಳಗಿಳಿದು, ಬುಡದಲ್ಲಿ ಸಕ್ಕರೆಯಂತೆ ಬಿಡಿಬಿಡಿಯಾಗಿರುವ ಹಳೆಯ ಪದರವನ್ನು ಮುಟ್ಟಿದಾಗ ಇಡೀ ಇಳಿಜಾರು ಹಲಗೆಯಂತೆ ಜಾರಬಹುದು. ಎಲ್ಲಕ್ಕಿಂತ ನಾನು ಹೆದರುವುದು ಇದಕ್ಕೆ, ಏಕೆಂದರೆ ಒದ್ದು ನೋಡಿದರೆ ಅದು ತಿಳಿಯುವುದಿಲ್ಲ. ಎರಡನೆಯದು, ತಡವಾಗಿ ಬಂದ ಬಿರುಗಾಳಿ ಒಂದಡಿ ಹೊಸ ಹಿಮ ಸುರಿದು ಹೋದ ಮರುಬೆಳಗು: ಬಿಸಿಲು ತಾಗಿದ ಒಂದು ಗಂಟೆಯೊಳಗೆ ಅದು ಹಳೆಯ ಗಟ್ಟಿ ಪದರದ ಮೇಲೆ ಜಾರತೊಡಗುತ್ತದೆ. ಮೂರನೆಯದು, ಶಿಖರದಂಚಿನಲ್ಲಿ ಗಾಳಿ ಕಟ್ಟಿದ ಹಿಮದ ಸೂರು. ಅದು ಮುರಿಯುವಾಗ ನಾವು ಊಹಿಸಿದ್ದಕ್ಕಿಂತ ಹಿಂದೆ, ನಿಂತ ನೆಲದಡಿಯಲ್ಲೇ ಬಿರುಕು ಬಿಡುತ್ತದೆ. ತೊರೆಗಳ ಮೇಲಿನ ಹಿಮದ ಸೇತುವೆಗಳನ್ನು ನಂಬುವ ಕಾಲವೂ ಅದಲ್ಲ. ಬೆಳಗ್ಗೆ ಗಾಡಿಯನ್ನು ಹೊತ್ತದ್ದು ಸಂಜೆ ಮನುಷ್ಯನನ್ನೂ ಹೊರಲಾರದು.

ನಿಮ್ಮ ನೆರೆಯ ಕೊಲರಾಡೋದ ಸ್ಯಾನ್ ವಾನ್ ಪರ್ವತಗಳಿಗೆ ಹೋಗುವುದಿದ್ದರೆ ಹಿಮದ ಬಣ್ಣವನ್ನೂ ನೋಡಿ. ಮರುಭೂಮಿಯ ಕೆಂದೂಳು ಗಾಳಿಯಲ್ಲಿ ಬಂದು ಕೂತರೆ ಹಿಮ ಕಂದಾಗಿ ಬಿಸಿಲನ್ನು ಹೆಚ್ಚು ಹೀರುತ್ತದೆ, ಬೇಗ ಕರಗುತ್ತದೆ. ಬಿಳಿಯ ಹಿಮದಲ್ಲಿ ಕಲಿತ ಗಂಟೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ನಾನು ಬೆಂಗಳೂರಿನ ವಿದ್ಯಾರ್ಥಿ. ಮಾರ್ಚ್ ಕೊನೆಯಲ್ಲಿ ಗುಲ್ಮಾರ್ಗ್‌ಗೆ ಹೋಗುತ್ತಿದ್ದೇವೆ. ಅಲ್ಲಿ ಸ್ನೋಮೊಬೈಲ್ ಕಲಿಯಬಹುದೇ?

ಉತ್ತರ: ಅಲ್ಲಿ ಪ್ರವಾಸಿಗರಿಗೆ ಸಿಗುವುದು ಸಾಮಾನ್ಯವಾಗಿ ಸ್ಥಳೀಯ ಚಾಲಕನ ಹಿಂದೆ ಕೂತು ಸುತ್ತುವ ಸವಾರಿ, ಇದನ್ನು ಕಲಿಕೆ ಎನ್ನುವಂತಿಲ್ಲ. ಗುಲ್ಮಾರ್ಗ್‌ನ ಹುಲ್ಲುಗಾವಲು ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಮಾರ್ಚ್ ಕೊನೆಗೆ ಮಧ್ಯಾಹ್ನದ ಹೊತ್ತಿಗೆ ಅಲ್ಲಿನ ಹಿಮ ಕೆಸರಾಗಿರುವ ಸಂಭವ ಹೆಚ್ಚು. ಬೆಳಗ್ಗೆ ಬೇಗ ಹೋಗಿ, ಬಾಡಿಗೆ ಎಷ್ಟು, ಎಷ್ಟು ಹೊತ್ತು ಎಂಬುದನ್ನು ಮೊದಲೇ ಮಾತಾಡಿಕೊಂಡು ಹತ್ತಿ. ಚಾಲಕ ಒಪ್ಪಿದರೆ ಹೊರಡುವ ಮೊದಲು ಒಂದು ನಿಮಿಷ ಗಾಡಿಯ ಪಟ್ಟಿಯ ಪಕ್ಕ ಕೂತು, ಹಿಮ ಎರಚಿ ಇಂಜಿನ್ ತಂಪಾಗುವ ಜಾಗ ಎಲ್ಲಿದೆಯೆಂದು ತೋರಿಸಲು ಹೇಳಿ.